ನಗಿಸಲಿಕ್ಕೊಬ್ಬ, ಅಳಿಸಲಿಕ್ಕೊಬ್ಬ: ಸಿನಿಮಾದಲ್ಲಿ ನಮ್ಮ ಕಡೆಯ ಮಾತು

ಕನ್ನಡ ಚಿತ್ರರಂಗ ಉತ್ತರ ಕರ್ನಾಟಕದ ಕತೆಯನ್ನು ಬಹಳ ಹಿಂದೆಯೇ ಒಪ್ಪಿಕೊಂಡಿತು, ಮಾತನ್ನು ಒಪ್ಪಿಕೊಳ್ಳಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ತೆಗೆದುಕೊಳ್ಳಿ. ಅದರ ಮೂಲ ನಾಟಕ ಪಿ.ಬಿ. ಧುತ್ತರಗಿಯವರದು. ಬಾಗಲಕೋಟೆ ಜಿಲ್ಲೆಯ ಸೂಳೇಭಾವಿಯಲ್ಲಿ ನೆಲೆಸಿದ್ದ ಅವರ ನಾಟಕಗಳು ಕಂಪನಿಗಳ ಕ್ಯಾಂಪಿನಲ್ಲೂ ಊರ ಜಾತ್ರೆಯ ಅಟ್ಟದ ಮೇಲೂ ವರ್ಷಗಟ್ಟಲೆ ಓಡಿದವು. ರಾಜಕುಮಾರ್ ಅಭಿನಯದಿಂದ ಆ ಕತೆ ನಾಡಿನ ಮೂಲೆಮೂಲೆ ಮುಟ್ಟಿತು. ಆದರೆ ಪರದೆಯ ಮೇಲೆ ನಾಯಕ ಭದ್ರ ಆಡಿದ್ದು ಹಳೇ ಮೈಸೂರಿನ ಕನ್ನಡ. ಆಗಿನ ಮಾರುಕಟ್ಟೆಗೆ ಅದು ಸಹಜವೇ ಇರಬಹುದು. ರೂಢಿ ಮಾತ್ರ ಗಟ್ಟಿಯಾಗಿ ನಿಂತುಬಿಟ್ಟಿತು: ನಾಯಕನಿಗೆ ಆ ಕನ್ನಡ, ಪಕ್ಕದಲ್ಲಿ ನಗಿಸಲು ನಿಂತವನಿಗೆ ಈ ಕನ್ನಡ.

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಲ್ಲಿ ಕೂತು ಸಿನಿಮಾ ನೋಡುವ ನಾನು ಮೊದಲು ಗಮನಿಸುವುದು ಇದನ್ನೇ. ನಮ್ಮ ಮಾತನ್ನು ಒಬ್ಬನೇ ಆಡುತ್ತಾನೋ, ಇಡೀ ಊರು ಆಡುತ್ತದೋ? ಒಬ್ಬ ಪೇದೆ, ಒಬ್ಬ ಕುಡುಕ ಮಾತ್ರ ‘ಯಾಕಲೇ, ಏನಪಾ’ ಅಂದು ಉಳಿದವರೆಲ್ಲ ಬೆಂಗಳೂರಿನ ಧಾಟಿಯಲ್ಲಿ ಮಾತಾಡಿದರೆ, ಜನ ನಗುವುದು ಅವನು ಹೇಳಿದ್ದಕ್ಕಲ್ಲ, ಅವನ ದನಿಗೆ. ಅಂಥ ಪಾತ್ರಕ್ಕೆ ಧಾರವಾಡವೂ ಒಂದೇ, ರಾಯಚೂರೂ ಒಂದೇ, ಅಥಣಿಯೂ ಒಂದೇ. 2025ರಲ್ಲಿ ಬಂದ ಜೆ.ಪಿ. ತುಮಿನಾಡು ಅವರ ‘ಸು ಫ್ರಂ ಸೋ’ ಕೂಡ ನಗೆಯ ಚಿತ್ರವೇ. ಅಲ್ಲಿ ಊರಿಗೆ ಊರೇ ಕರಾವಳಿಯ ಮಾತಾಡುತ್ತದೆ. ಹಾಗಾಗಿ ನಗು ಹುಟ್ಟುವುದು ಒಬ್ಬನ ಹುಂಬತನದಿಂದ, ಇನ್ನೊಬ್ಬನ ಭಯದಿಂದ, ಸುದ್ದಿ ಬಾಯಿಂದ ಬಾಯಿಗೆ ದಾಟುವಾಗ ಬೆಳೆಯುವ ರೀತಿಯಿಂದ. ಕರಾವಳಿಯವರು ತಮ್ಮ ಬಗ್ಗೆ ತಾವೇ ನಕ್ಕರು. ನಮ್ಮ ವಿಷಯದಲ್ಲಿ ನಗುವವರು ಬೇರೆಯವರು.

ಇಡೀ ಊರು ನಮ್ಮ ಮಾತಾಡಿದ ಚಿತ್ರಗಳು ಇಲ್ಲವೆಂದಲ್ಲ. ನಮ್ಮ ಪಕ್ಕದ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ ಮಾಡಿದರು. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. 1997ರಲ್ಲಿ ನಾಗಾಭರಣರ ‘ನಾಗಮಂಡಲ’ಕ್ಕೆ ಗೋಪಾಲ ವಾಜಪೇಯಿ ಬರೆದ ಹಾಡುಗಳಲ್ಲಿ ಈ ಮಾತಿನ ಸೊಗಸೆಲ್ಲ ಇದೆ. ಆದರೆ ಅದು ದಂತಕತೆಯ, ಹಳೇ ಗೌಡಿಕೆಯ ಲೋಕ. ಇವತ್ತಿನ ಮನುಷ್ಯ ಅಲ್ಲಿಲ್ಲ.

ಇವತ್ತಿನ ಮನುಷ್ಯನನ್ನು ತಂದವರಲ್ಲಿ ಗಿರೀಶ ಕಾಸರವಳ್ಳಿ ಮುಖ್ಯರು. ಅಮರೇಶ ನುಗಡೋಣಿಯವರ ‘ಸವಾರಿ’ ಕತೆಯಿಂದ ಅವರು ‘ಕನಸೆಂಬೋ ಕುದುರೆಯನೇರಿ’ ಮಾಡಿದಾಗ, ಕುಣಿ ತೋಡುವ ಈರ್ಯಾನ ಪಾತ್ರಕ್ಕೆ ಆರಿಸಿಕೊಂಡದ್ದು ಬೀದರ್ ಜಿಲ್ಲೆಯ ವೈಜನಾಥ ಬಿರಾದಾರ ಅವರನ್ನು. ಅಲ್ಲಿಯತನಕ ಭಿಕ್ಷುಕ, ಕುಡುಕನ ಸಣ್ಣ ಪಾತ್ರಗಳಲ್ಲೇ ಕಳೆದುಹೋಗಿದ್ದ ನಟ. ಸಿದ್ಧ ಕನಸಿನಲ್ಲಿ ಬಂದರೆ ಊರಲ್ಲಿ ಸಾವು ಎಂದು ಈರ್ಯಾ ನಂಬಿದ್ದಾನೆ. ಕನಸು ಬಿದ್ದಿದೆ, ಗೌಡರ ಮನೆಯಲ್ಲಿ ಸಾವೂ ಆಗಿದೆ. ಆದರೆ ಮನೆಯವರು ಅದನ್ನು ಮುಚ್ಚಿಟ್ಟಿದ್ದಾರೆ. ತನ್ನ ಕನಸು ಸುಳ್ಳಾಯಿತೇ ಎಂಬ ಕಳವಳವನ್ನು ಬಿರಾದಾರ ಅದೇ ಬಾಗಿದ ಮೈ, ಅದೇ ಎಳೆದಾಡುವ ದನಿಯಲ್ಲಿ ತೋರಿಸುತ್ತಾರೆ. ನಗಿಸಲೆಂದು ಬಳಸಿದ ಸರಂಜಾಮೆಲ್ಲ ಅಲ್ಲೇ ಇದೆ, ಆದರೆ ಯಾರಿಗೂ ನಗು ಬರುವುದಿಲ್ಲ. ನಟನೆಯ ಬಗ್ಗೆ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಕನ್ನಡ ಪರದೆಯ ಮೇಲೆ ಕಂಡಿಲ್ಲ.

ಆ ದಾರಿಯಲ್ಲಿ ಮುಂದೆ ನಡೆದದ್ದು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’. 2022ರಲ್ಲಿ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದು, 2024ರ ಜೂನ್‌ನಲ್ಲಿ ತೆರೆಕಂಡಿತು. ಕೊಪ್ಪಳ ಜಿಲ್ಲೆಯ ಆ ಊರಿನ ಜನರೇ ನಟಿಸಿದ್ದಾರೆ. ಶಾಲೆಯಲ್ಲಿ ಅಡುಗೆ ಮಾಡುವ, ಗಂಡ ಲಕ್ವಾ ಹೊಡೆದು ಮಲಗಿರುವ ಶಿವಮ್ಮ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಇಳಿದು, ಶಕ್ತಿ ಕೊಡುತ್ತದೆ ಎಂಬ ಪುಡಿ ಮಾರುತ್ತಾಳೆ. ನಿರ್ದೇಶಕರು ಆಕೆಯನ್ನು ಪಾಪದ ಹೆಂಗಸು ಮಾಡಲಿಲ್ಲ. ಆಕೆ ಹಠಮಾರಿ, ಬೀಗರನ್ನೂ ನೆರೆಯವರನ್ನೂ ಬಿಡದೆ ಬೆನ್ನು ಹತ್ತುತ್ತಾಳೆ. ಆಕೆಯ ಆಸೆಗೆ ಬೆಲೆ ಇದೆ, ಆಸೆಯಿಂದಾದ ಕೆಡುಕಿಗೂ ಲೆಕ್ಕ ಇದೆ. ನನಗೆ ಈ ಚಿತ್ರ ದೊಡ್ಡದಾಗಿ ಕಂಡದ್ದು ಅದಕ್ಕಾಗಿ. ಉತ್ಸವ್ ಗೋನವಾರ ಅವರ ‘ಫೋಟೋ’ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ರಾಯಚೂರಿನ ಕಡೆ ನಡೆದು ಹೊರಟ ಅಪ್ಪ ಮಗನ ಕತೆ. ಪ್ರಾಮಾಣಿಕ ಚಿತ್ರ. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಹುಡುಗನ ಆಸೆ ಇರುವತನಕ ಅದು ಅವನದೇ ಕತೆ. ರಸ್ತೆಗೆ ಇಳಿದ ಮೇಲೆ ದುಃಖವೇ ಮುಂದಾಗಿ ಹುಡುಗ ಹಿಂದೆ ಬೀಳುತ್ತಾನೆ.

ಇಲ್ಲಿ ನನ್ನ ತಕರಾರಿದೆ. ನಗೆಯ ಅಚ್ಚು ಒಡೆದವರು ಗೋಳಿನ ಅಚ್ಚಿಗೆ ಬಂದು ನಿಂತಿದ್ದಾರೆ. ಬರ, ಗುಳೆ, ಸಾಲ ಎಲ್ಲವೂ ನಿಜ. ಆದರೆ ಕೃಷ್ಣಾ, ದೂಧಗಂಗಾ ಹರಿಯುವ ನಮ್ಮ ಸೀಮೆಯಲ್ಲಿ ಕಬ್ಬಿದೆ, ಸಕ್ಕರೆ ಕಾರ್ಖಾನೆಯ ರಾಜಕಾರಣವಿದೆ, ನಿಪ್ಪಾಣಿಯ ತಂಬಾಕಿನ ವ್ಯಾಪಾರವಿದೆ, ಒಂದೇ ಪಡಸಾಲೆಯಲ್ಲಿ ಕನ್ನಡ ಮರಾಠಿ ಎರಡೂ ಆಡುವ ಮನೆಗಳಿವೆ. ದುಡ್ಡು, ದರ್ಪ, ಪ್ರೀತಿ ಇವೂ ನಮ್ಮ ಮಾತಿನಲ್ಲೇ ನಡೆಯುತ್ತವೆ. ಇದನ್ನು ಪರದೆಯ ಮೇಲೆ ನೋಡಬೇಕೆಂದರೆ ನಾವು ಮರಾಠಿಗೆ ಹೋಗಬೇಕು. ನಾಗರಾಜ ಮಂಜುಳೆ 2016ರ ‘ಸೈರಾಟ್’ನಲ್ಲಿ ಸೋಲಾಪುರ ಕಡೆಯ ಹಳ್ಳಿ ಮರಾಠಿಯನ್ನು ಶ್ರೀಮಂತ ಪುಢಾರಿಯ ಮಗಳ ಬಾಯಲ್ಲಿ ಇಟ್ಟರು. ಟ್ರ್ಯಾಕ್ಟರ್ ಓಡಿಸಿಕೊಂಡು ಬರುವ ಆರ್ಚಿಗೆ ಆ ಮಾತು ಅಧಿಕಾರದ ಮಾತು, ಪ್ರೇಮದ ಮಾತು ಕೂಡ. ಮರುವರ್ಷ ಎಸ್. ನಾರಾಯಣ್ ಅದನ್ನು ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ತಂದರು. ನಾಯಕಿ ರಿಂಕು ರಾಜಗುರು ಅವರೇ ಬಂದರು, ಆ ಮಾತಿನ ಬಿಸಿ ಬರಲಿಲ್ಲ. ಅದಕ್ಕೆ ಸರಿಸಾಟಿಯಾದ ಕನ್ನಡ ರಾಯಬಾಗ, ಕಾಗವಾಡದಲ್ಲಿ ದಿನಾ ಆಡುವ ಕನ್ನಡ.

ನಮ್ಮ ಕಡೆಯ ಹುಡುಗರು ಈಗ ಯೂಟ್ಯೂಬ್‌ಗೆ ಕಾಮಿಡಿ ಮಾಡುತ್ತಿದ್ದಾರೆ. ಹೆಚ್ಚಿನವು ಗಂಡ ಹೆಂಡತಿ ಜಗಳದಲ್ಲೇ ಮುಗಿಯುತ್ತವೆ, ಬೈಗುಳದ ಮೇಲೆ ಭಾರ ಜಾಸ್ತಿ. ಆದರೂ ಅವುಗಳಲ್ಲಿ ಒಬ್ಬನಲ್ಲ, ಎಲ್ಲರೂ ನಮ್ಮ ಮಾತಾಡುತ್ತಾರೆ. ಕ್ಯಾಮೆರಾ, ನಟರು, ನೋಡುವ ಮಂದಿ ಎಲ್ಲ ಇಲ್ಲೇ ಇದ್ದಾರೆ. ಬೇಕಾಗಿರುವುದು ಎರಡು ತಾಸು ನಿಲ್ಲುವ ಕತೆ ಬರೆಯುವವರು, ಮತ್ತು ಬೆಂಗಳೂರಿನವರಿಗೆ ತಿಳಿಯಲೆಂದು ಅವರ ಸಂಭಾಷಣೆಯನ್ನು ತಿದ್ದಲು ಕೂರದ ಒಬ್ಬ ನಿರ್ಮಾಪಕ.