ಚೇಂದಮಂಗಲದ ಯೆಹೂದ್ಯ ಸಭಾಮಂದಿರ: ಚರಿತ್ರೆ ಮತ್ತು ವಾಸ್ತು

ಮಧ್ಯಕಾಲೀನ ಕರ್ನಾಟಕದ ಯೆಹೂದ್ಯರನ್ನು ಕುರಿತ ಮುಖ್ಯ ಆಧಾರಗಳು ಕೈರೋದ ಗೆನಿಜಾ ಕಾಗದಪತ್ರಗಳಲ್ಲಿ ದೊರೆಯುತ್ತವೆ. ಟ್ಯುನೀಷಿಯ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ನೆಲಸಿ ಕಂಚಿನ ಕಾರ್ಖಾನೆ ನಡೆಸಿದನು. ಅಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರ 1132ರಲ್ಲಿ ಅಲ್ಲಿಯೇ ಸಿದ್ಧವಾದುದು. ಅವನ ಸೇವಕನ ಹೆಸರು ‘ಬೊಮ್ಮ’ ಎಂಬುದನ್ನು ನಿರ್ಧರಿಸುವಲ್ಲಿ ಅಮಿತಾವ್ ಘೋಷ್ ಅವರಿಗೆ ಬಿ.ಎ. ವಿವೇಕ ರೈ ಅವರ ತುಳು ವಿದ್ವತ್ತು ನೆರವಾದುದು ಸುಪರಿಚಿತ. ಆದರೆ ಬೆನ್ ಯಿಜು ಪ್ರಾರ್ಥಿಸಿದ ಮಂದಿರವೆಂದು ತೋರಿಸಬಹುದಾದ ಗೋಡೆಯೊಂದೂ ನಮ್ಮ ಕರಾವಳಿಯಲ್ಲಿ ಉಳಿದಿಲ್ಲ. ಆದ್ದರಿಂದ ಪಶ್ಚಿಮ ಕರಾವಳಿಯ ಯೆಹೂದ್ಯ ವಾಸ್ತುವನ್ನು ಅರಿಯಬೇಕಾದವರು ಕೇರಳದತ್ತ ನೋಡುವುದು ಅನಿವಾರ್ಯ.

ಎರ್ನಾಕುಳಂ ಜಿಲ್ಲೆಯ ಚೇಂದಮಂಗಲಂ, ಕೊಚ್ಚಿ ಅರಸರ ಮಂತ್ರಿಗಳಾಗಿದ್ದ ಪಾಲಿಯತ್ತಚ್ಚನ್ ಮನೆತನದ ಊರು. ಇಲ್ಲಿನ ಸಭಾಮಂದಿರ 1420ರಷ್ಟು ಹಿಂದಿನದೆಂದೂ, ಬೆಂಕಿಗೆ ತುತ್ತಾಗಿ 1614ರಲ್ಲಿ ಪುನಃ ಕಟ್ಟಲ್ಪಟ್ಟಿತೆಂದೂ ಪರಂಪರೆ ಹೇಳುತ್ತದೆ. ಅಂಗಳದಲ್ಲಿ ನಿಲ್ಲಿಸಿರುವ ‘ಇಸ್ರಾಯೇಲನ ಮಗಳು ಸಾರಾ’ ಎಂಬವಳ 1269ರ ಸಮಾಧಿಶಿಲೆಯನ್ನು ಕಟ್ಟಡದ ಕಾಲನಿರ್ಣಯಕ್ಕೆ ಬಳಸುವುದು ತಪ್ಪಾಗುತ್ತದೆ. ಅದು ಕೊಡುಂಗಲ್ಲೂರಿನ ಕಡೆಯಿಂದ ಬಂದ ಕಲ್ಲೆಂಬುದು ಪ್ರತೀತಿ. ಸಂಗ್ರಹಾಲಯಗಳಲ್ಲಿ ಇಂಥ ನೆರೆಹೊರೆ ಎಷ್ಟೋ ಬಾರಿ ಚರಿತ್ರೆಯ ದಾರಿ ತಪ್ಪಿಸುತ್ತದೆ.

ಸುಣ್ಣದ ಗಾರೆ ಬಳಿದ ಮುರಕಲ್ಲಿನ ಗೋಡೆ, ಹೆಂಚಿನ ಕಡಿದಾದ ಇಳಿಮಾಡು, ಮರದ ಕೆತ್ತನೆ ಇವೆಲ್ಲ ನಮ್ಮ ದಕ್ಷಿಣ ಕನ್ನಡದ ಬಡಗಿಗೂ ಪರಿಚಿತ. ಇವುಗಳನ್ನು ಕಂಡು ಇದನ್ನು ‘ದೇಶೀಯ ಶೈಲಿ’ ಎಂದಷ್ಟೇ ಕರೆದು ಮುಗಿಸುವ ವಿದ್ವಾಂಸರಿದ್ದಾರೆ. ಅದು ಅರ್ಧ ಮಾತು. ಮಂದಿರದ ವಿನ್ಯಾಸ ಉಪಾಸನೆಯ ಕ್ರಮದಿಂದ ಹುಟ್ಟಿದುದು. ಪಶ್ಚಿಮದ ಗೋಡೆಯಲ್ಲಿ, ಅಂದರೆ ಜೆರೂಸಲೇಮಿನ ದಿಕ್ಕಿನಲ್ಲಿ, ಧರ್ಮಗ್ರಂಥದ ಸುರುಳಿಗಳನ್ನಿಡುವ ಕೆತ್ತನೆಯ ಮಂಟಪ. ನಡುವೆ ‘ತೇಬಾ’ ಎಂಬ ಪಠಣವೇದಿಕೆ. ಕೇರಳದ ವೈಶಿಷ್ಟ್ಯವೆಂದರೆ ಪೂರ್ವದ ಮೇಲಂತಸ್ತಿನಲ್ಲಿಯೂ ಎರಡನೆಯ ತೇಬಾ ಇರುವುದು. ಸಬ್ಬತ್ ಮತ್ತು ಹಬ್ಬದ ದಿನಗಳಲ್ಲಿ ಪಠಣ ಅಲ್ಲಿಂದ ನಡೆಯುತ್ತಿತ್ತು. ಅದರ ಬೆನ್ನಿಗೇ, ಜಾಲರಿಯ ಹಿಂದೆ, ಹೆಂಗಸರ ಸ್ಥಳ. ಹೊರನೋಟಕ್ಕೆ ಹೆಂಗಸರನ್ನು ಮರೆಗೆ ಸರಿಸಿದಂತೆ ತೋರುವ ಈ ಏರ್ಪಾಡು ವಾಸ್ತವದಲ್ಲಿ ಅವರನ್ನು ಪಠಣಕ್ಕೆ ಅತಿ ಸಮೀಪದಲ್ಲಿ ಕೂರಿಸುತ್ತದೆ. ಲೋಕದ ಬೇರೆಡೆಯ ಸಭಾಮಂದಿರಗಳಲ್ಲಿ ಕಾಣದ ಈ ಎರಡನೆಯ ವೇದಿಕೆಗೆ ‘ದೇಶೀಯ ಶೈಲಿ’ ಎಂಬ ಮಾತು ವಿವರಣೆಯಾಗಲಾರದು.

ಮಲಬಾರಿ ಯೆಹೂದ್ಯರು 1950ರ ದಶಕದಲ್ಲಿ ಇಸ್ರೇಲಿಗೆ ತೆರಳಿದ ಮೇಲೆ ಮಂದಿರ ಮುಚ್ಚಿತು. ಭೀಮರಾಯನಗುಡಿಗೆ ಸಮೀಪದ ಗೋಗಿಯಲ್ಲಿ ಮೊದಲ ಆದಿಲಶಾಹಿ ಸುಲ್ತಾನರ ಸಮಾಧಿಗಳು ಚಂದಾ ಹುಸೇನಿ ದರ್ಗಾದ ಆಸರೆಯಲ್ಲಿವೆ. ರಾಜ್ಯ ಅಳಿದರೂ ಅಲ್ಲಿ ಭಕ್ತರ ನಡೆದಾಟ ನಿಂತಿಲ್ಲ. ಚೇಂದಮಂಗಲಕ್ಕೆ ಆ ಅನುಕೂಲವಿಲ್ಲ. ಪೂರ್ಣ ಸಾಮೂಹಿಕ ಪ್ರಾರ್ಥನೆಗೆ ಪ್ರಾಯಕ್ಕೆ ಬಂದ ಹತ್ತು ಮಂದಿ ಗಂಡಸರು ಸೇರಲೇಬೇಕೆಂಬುದು ನಿಯಮ.

ರಾಜ್ಯ ಸರ್ಕಾರ ಜೀರ್ಣೋದ್ಧಾರ ಮಾಡಿಸಿ 2006ರಲ್ಲಿ ಇದನ್ನು ಸಂಗ್ರಹಾಲಯವಾಗಿ ತೆರೆಯಿತು. ಮಟ್ಟಾಂಚೇರಿಯ ಕಡವುಂಭಾಗಂ ಮಂದಿರದ ಒಳಾಂಗಣವನ್ನು ಬಿಚ್ಚಿ ಜೆರೂಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಸಾಗಿಸಲಾಯಿತು. ಇಲ್ಲಿ ಉಳಿದ ಕಟ್ಟಡ 2019ರಲ್ಲಿ ಮಳೆಗೆ ಭಾಗಶಃ ಕುಸಿಯಿತು. ಇದಕ್ಕೆ ಹೋಲಿಸಿದರೆ ಮಂದಿರವನ್ನು ಇದ್ದಲ್ಲೇ ಉಳಿಸಿದ ಚೇಂದಮಂಗಲದ ಕ್ರಮವೇ ಮೇಲು. ಆದರೂ ಮಂದಿರ, ಮಸೀದಿ, ಇಗರ್ಜಿ, ದೇವಸ್ಥಾನ ನಾಲ್ಕೂ ಅಕ್ಕಪಕ್ಕದಲ್ಲಿವೆ ಎಂಬ ಸೌಹಾರ್ದದ ವರ್ಣನೆಯಲ್ಲಿ ಈ ಕಟ್ಟಡದ ಒಳಗಿನ ವ್ಯವಹಾರ ಮರೆಯಾಗುತ್ತದೆ. ಕೇರಳದ ಯೆಹೂದ್ಯ ಹೆಂಗಸರು ನೋಟುಪುಸ್ತಕಗಳಲ್ಲಿ ಬರೆದಿಟ್ಟು ಹಾಡುತ್ತಿದ್ದ ಮಲಯಾಳಂ ಹಾಡುಗಳು ಅವರೊಂದಿಗೆ ಇಸ್ರೇಲಿಗೆ ಹೋದವು. ಸ್ಕರಿಯಾ ಜಕರಿಯಾ ಮತ್ತು ಓಫಿರಾ ಗಮ್ಲಿಯೆಲ್ ಅವುಗಳನ್ನು ಹೀಬ್ರೂ ಅನುವಾದದೊಂದಿಗೆ 2005ರಲ್ಲಿ ಜೆರೂಸಲೇಮಿನಲ್ಲಿ ಪ್ರಕಟಿಸಿದರು. ಮೇಲಂತಸ್ತಿನ ಜಾಲರಿಯನ್ನು ಅಭ್ಯಸಿಸುವವರು ಆ ಸಂಕಲನವನ್ನೂ ಜೊತೆಗಿಟ್ಟುಕೊಳ್ಳಬೇಕಾಗುತ್ತದೆ.