ಗಿಟಾರಿನ ಜೊತೆ ಶರೀಫಜ್ಜ: ಹೊಸ ಕೇಳುಗರಿಗೊಂದು ಕೈಪಿಡಿ

ರಾಕ್ ಹಾಡುವವರು ಹಳೆಯ ಪದಕ್ಕೆ ಕೈ ಹಾಕಿದರೆ ಹುಬ್ಬಳ್ಳಿ-ಧಾರವಾಡದಲ್ಲಿ ಕೂಡಲೇ ಎರಡು ಪಕ್ಷಗಳಾಗುತ್ತವೆ. ‘ಶರೀಫಜ್ಜನ ಪದಾ ಕೆಡಿಸಿಬಿಟ್ಟ’ ಎಂದು ಹಿರಿಯರು ಬೇಸರಪಡುತ್ತಾರೆ; ‘ಹಳೇ ಪದಕ್ಕ ಜೀವಾ ಬಂತು’ ಎಂದು ಹುಡುಗರು ಖುಷಿಪಡುತ್ತಾರೆ. ಇಬ್ಬರೂ ತೀರ್ಪು ಕೊಡುವುದು ವಾದ್ಯ ನೋಡಿಯೇ. ಮೈಸೂರಿನ ರಘು ದೀಕ್ಷಿತ್ 2008ರಲ್ಲಿ ಹೊರತಂದ ಮೊದಲ ಆಲ್ಬಮ್‌ನಲ್ಲಿ ಅವರ ಸ್ವಂತ ಹಾಡುಗಳ ನಡುವೆ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’ ಇವೆ. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಸೇರಿತು. ಇವನ್ನು ಮೊದಲ ಸಲ ಕೇಳುವವರಿಗೆ ಹೇಳಬೇಕಾದದ್ದು ಇಷ್ಟು: ತತ್ವಪದವು ಪಲ್ಲವಿಯಿಂದ ಹೊರಟು ನುಡಿ ನುಡಿಯಾಗಿ ಏರಿ ಅಂಕಿತವನ್ನು ಮುಟ್ಟುವ ಒಂದು ನಡೆ. ಆ ನಡೆ ಉಳಿದಿದ್ದರೆ ಕೈಯಲ್ಲಿ ಏಕತಾರಿ ಇರಲಿ, ಗಿಟಾರ್ ಇರಲಿ, ಪದ ಉಳಿದಿದೆ. ಅದು ಮುರಿದಿದ್ದರೆ ಏಕತಾರಿಯೂ ಪದವನ್ನು ಕಾಯಲಾರದು.

ಈ ನಡೆಯನ್ನು ಗುರುತಿಸಲು ಮೊದಲು ಭಜನಾ ಮೇಳದ ಕಟ್ಟು ತಿಳಿದಿರಬೇಕು. ನಮ್ಮ ಹಳ್ಳಿಗಳ ಮೇಳದಲ್ಲಿ ಒಬ್ಬ ಮುಂದಾಳು ಸಾಲು ಹಿಡಿಯುತ್ತಾನೆ, ಹಿಮ್ಮೇಳದವರು ಅದೇ ಸಾಲನ್ನು ಎತ್ತಿಕೊಳ್ಳುತ್ತಾರೆ. ತಾಳ, ದಮ್ಮಡಿ, ಹಾರ್ಮೋನಿಯಂ ಜೊತೆಗಿರುತ್ತವೆ. ಪಲ್ಲವಿಯಲ್ಲಿ ಬರುವುದು ದಿನಬಳಕೆಯ ಯಾವುದೋ ವಸ್ತು ಇಲ್ಲವೇ ತಲೆ ಕೆಳಗಾದ ಒಂದು ಚಿತ್ರ: ಸೋರುವ ಮಾಳಿಗಿ, ಸೇದುವ ಗುಡುಗುಡಿ, ಕೋಡಗವನ್ನು ನುಂಗಿದ ಕೋಳಿ. ಅದರ ಅರ್ಥ ಅಲ್ಲೇ ಬಿಚ್ಚಿಕೊಳ್ಳುವುದಿಲ್ಲ. ಪ್ರತಿ ನುಡಿ ಒಂದೊಂದು ಹೊಸ ವಿವರ ತಂದು ಮತ್ತೆ ಪಲ್ಲವಿಗೆ ಬಿಡುತ್ತದೆ. ಹಿಂದಿನ ಸಲ ಕೇಳಿದ ಅದೇ ಪಲ್ಲವಿ ಈಗ ಸ್ವಲ್ಪ ಬೇರೆ ಅರ್ಥದಲ್ಲಿ ಕೇಳುತ್ತದೆ. ಕೊನೆಯ ನುಡಿಯಲ್ಲಿ ಅಂಕಿತವಾಗಿ ಶಿಶುನಾಳಧೀಶನ ಹೆಸರು ಬಂದಾಗ ಇಡೀ ಪದ ಮನಿಯ ಮಾತೂ ಅಲ್ಲ, ತಂಬಾಕಿನ ಮಾತೂ ಅಲ್ಲ, ಈ ದೇಹದ ಮಾತು ಎಂಬುದು ನಿಚ್ಚಳವಾಗುತ್ತದೆ. ಖ್ಯಾಲ್ ಕೇಳಿ ಪಳಗಿದ ಧಾರವಾಡದ ರಸಿಕರಿಗೆ ಇದು ಕಷ್ಟದ ಪಾಠವೇನಲ್ಲ. ಆಲಾಪದಲ್ಲಿ ಎಷ್ಟು ದೂರ ಹೋದರೂ ಗಾಯಕ ಮುಖಡಾ ಹಿಡಿದು ಸಮ್‌ಗೆ ಬರುವ ಕ್ಷಣಕ್ಕೆ ಕಾಯುವ ಕಿವಿ ಅವರದು. ಅದೇ ಕಿವಿಯಿಂದ ಪಲ್ಲವಿಯ ಮರಳುವಿಕೆಯನ್ನು ಕೇಳಿದರೆ ಸಾಕು.

ಗುಡುಗುಡಿಯ ಪದವನ್ನೇ ಹತ್ತಿರದಿಂದ ನೋಡೋಣ. ಪಲ್ಲವಿಯಷ್ಟನ್ನೇ ಕೇಳಿದವರಿಗೆ ಅದು ಸೇದುವವರ ಮೋಜಿನ ಹಾಡೆನಿಸುತ್ತದೆ. ಆಮೇಲೆ ನುಡಿಗಳು ಸೇದುವ ಸಾಮಾನನ್ನು ಒಂದೊಂದಾಗಿ ಎದುರಿಗಿಡುತ್ತವೆ. ಬಿಚ್ಚಬೇಕಾದ ಸಂಚಿ ಮನಸ್ಸಿನದು, ಕೊಚ್ಚಬೇಕಾದ ಭಂಗಿ ಮೋಹದ್ದು, ಚಿಲುಮೆಗೆ ಹಾಕುವ ಬೆಂಕಿ ಬುದ್ಧಿಯದು. ಭಜನಾ ಮೇಳದಲ್ಲಿ ಹಿಮ್ಮೇಳ ಪ್ರತಿ ಸಾಲನ್ನೂ ತಿರುಗಿ ಹೇಳುವುದರಿಂದ ಕೇಳುವವನಿಗೆ ಆ ಹೋಲಿಕೆಯನ್ನು ಮನಸ್ಸಿಗೆ ತಂದುಕೊಳ್ಳಲು ಬಿಡುವು ಸಿಗುತ್ತದೆ. ರಾಕ್ ತಂಡದಲ್ಲಿ ಆ ಬಿಡುವನ್ನು ತುಂಬುವವು ವಯೊಲಿನ್, ಗಿಟಾರ್, ಡ್ರಮ್ಸ್. ನಿಮ್ಮ ಕಿವಿ ನೆಡಬೇಕಾದ ಜಾಗ ಇದೇ. ಎರಡು ನುಡಿಗಳ ನಡುವೆ ವಾದ್ಯ ಬಂದಾಗ ಅದು ನಿಮಗೆ ಯೋಚಿಸಲು ಹೊತ್ತು ಕೊಡುತ್ತಿದೆಯೋ, ಇದ್ದ ಹೊತ್ತನ್ನೂ ಕಸಿದುಕೊಳ್ಳುತ್ತಿದೆಯೋ? ರಘು ದೀಕ್ಷಿತರ ಒಳ್ಳೆಯ ಗುಣವೆಂದರೆ ಅವರು ಕೊರಳನ್ನೇ ಮುಂದಿಟ್ಟು ಹಾಡುವವರು. ಎದೆಯಿಂದ ತೆಗೆದ ಆ ದೊಡ್ಡ ದನಿ ಸುಗಮ ಸಂಗೀತದ ನಯಕ್ಕಿಂತ ಜಾತ್ರೆಯ ಬಯಲಿಗೆ ಹತ್ತಿರ. ಕಛೇರಿಗಳಲ್ಲಿ ಅವರು ಸಾಲನ್ನು ಜನರ ಬಾಯಿಗೆ ಬಿಟ್ಟುಕೊಟ್ಟಾಗ ಎದುರಿಗಿದ್ದ ಜನವೇ ಹಿಮ್ಮೇಳವಾಗುತ್ತದೆ. ಮೇಳದ ಅರ್ಧ ಕೆಲಸ ಅಲ್ಲಿಗೆ ಆಯಿತು.

‘ಆದರೆ ಮೂಲ ಧಾಟಿ ಬಿಟ್ಟರಲ್ಲ’ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ. ಅವರ ಕೊರಳು ಯಾವ ತಟ್ಟೆಯಲ್ಲೂ ಇಲ್ಲ. ಪದಗಳು ಬಾಯಿಂದ ಬಾಯಿಗೆ, ಮೇಳದಿಂದ ಮೇಳಕ್ಕೆ ಬಂದವು. ಊರು ಬದಲಾದ ಹಾಗೆ ಧಾಟಿಯೂ ಬದಲಾಯಿತು. ಇವತ್ತು ಬಹಳ ಜನ ‘ಮೂಲ’ ಎಂದು ನಂಬಿರುವುದು ಸಿ. ಅಶ್ವತ್ಥರ ಸಂಯೋಜನೆಯನ್ನು. ಕ್ಯಾಸೆಟ್ಟುಗಳಿಂದ, ಆಮೇಲೆ 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ ಆ ಧಾಟಿಗಳು ಕರ್ನಾಟಕದ ಮನೆಮನೆಗೆ ಹೋದವು. ಅಶ್ವತ್ಥರ ಹಾಡಿಕೆಯ ಎತ್ತರ ದೊಡ್ಡದು. ಶರೀಫರನ್ನು ಹಳೆ ಮೈಸೂರಿಗೆ ಮುಟ್ಟಿಸಿದ ಉಪಕಾರ ಅದಕ್ಕಿಂತ ದೊಡ್ಡದು. ಆದರೂ ಅದು ಇಪ್ಪತ್ತನೆಯ ಶತಮಾನದ ಒಬ್ಬ ಸಂಯೋಜಕ ಮಾಡಿದ ಓದು. ಅಶ್ವತ್ಥರಿಗೆ ಇದ್ದ ಹಕ್ಕು ಗಿಟಾರ್ ಹಿಡಿದವರಿಗೆ ಇಲ್ಲವೆನ್ನಲು ಕಾರಣ ಕಾಣುವುದಿಲ್ಲ. ಇದೇ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಹನ್ನೆರಡನೆಯ ಶತಮಾನದ ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದಾಗ ನಾವು ಕಣ್ಣು ಮುಚ್ಚಿ ಕೇಳಿದೆವು. ಬಸವಣ್ಣ ಯಾವ ರಾಗದಲ್ಲಿ ಹಾಡಿದ್ದರು ಎಂದು ಯಾರೂ ತಕರಾರು ತೆಗೆಯಲಿಲ್ಲ.

ಹೊರಗಿನ ಒಂದು ನಿದರ್ಶನ ಇಲ್ಲಿ ನೆರವಿಗೆ ಬರುತ್ತದೆ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2022ರಲ್ಲಿ ‘ಓನ್ಲಿ ದ ಸ್ಟ್ರಾಂಗ್ ಸರ್ವೈವ್’ ಎಂಬ ಆಲ್ಬಮ್ ತಂದರು. ಅದರ ತುಂಬ ಹಳೆಯ ಸೋಲ್ ಹಾಡುಗಳೇ. ಸೋಲ್ ಹುಟ್ಟಿದ್ದು ಕಪ್ಪು ಜನರ ಚರ್ಚಿನ ಭಜನೆಯ ಮಗ್ಗುಲಲ್ಲಿ. ಅಲ್ಲೂ ಒಬ್ಬ ಕೂಗುತ್ತಾನೆ, ಉಳಿದವರು ಓಗೊಡುತ್ತಾರೆ. ರೇ ಚಾರ್ಲ್ಸ್ 1950ರ ದಶಕದಲ್ಲಿ ಆ ದನಿಯನ್ನು ಪ್ರೇಮಗೀತೆಗೆ ತಂದಾಗ ಚರ್ಚಿನವರು ಸಿಟ್ಟಾದರು. ದೇವರ ಧಾಟಿಯನ್ನು ಸಂತೆಗೆ ತಂದನೆಂಬುದು ಅವರ ದೂರು. ಸ್ಪ್ರಿಂಗ್‌ಸ್ಟೀನರನ್ನು ಕೇಳುವವರು ಹಳೆಯ ರೆಕಾರ್ಡನ್ನು ಪಕ್ಕದಲ್ಲಿಟ್ಟು ತೂಗಬಹುದು, ಹೋಲಿಕೆಯಲ್ಲಿ ಹೊಸದು ಸೋತರೆ ಸೋಲನ್ನೂ ತೋರಿಸಬಹುದು. ನಮಗೆ ಹಾಗೆ ತೂಗಲು ತಟ್ಟೆ ಇಲ್ಲ, ಪದದ ಕಟ್ಟು ಮಾತ್ರ ಇದೆ. ಹಾಗಾಗಿ ಶರೀಫರ ಕೇಳುಗರ ಜವಾಬ್ದಾರಿ ಹೆಚ್ಚಿನದು: ಪದಗಳ ಪುಸ್ತಕವನ್ನು ಕೈಯಲ್ಲಿ ಹಿಡಿದು ಎಷ್ಟು ನುಡಿ ಬಂದವು, ಎಷ್ಟು ಬಿಟ್ಟುಹೋದವು, ಅಂಕಿತಕ್ಕೆ ಅದರ ತೂಕ ಸಿಕ್ಕಿತೇ ಎಂದು ಅವರೇ ನೋಡಬೇಕು. ಅಂಕಿತ ಬಿಟ್ಟ ಹಾಡಿಕೆ ಎಷ್ಟೇ ಸೊಗಸಾಗಿರಲಿ, ನನ್ನ ಮಟ್ಟಿಗೆ ಅದು ಅರ್ಧ ಪದ.

ಡ್ರಮ್ಸ್ ಸದ್ದಿನಲ್ಲಿ ಮಾತು ಮುಳುಗುತ್ತದೆ ಎಂಬ ದೂರನ್ನು ತಳ್ಳಿಹಾಕುವಂತಿಲ್ಲ. ಶರೀಫರಲ್ಲಿ ಮಾತೇ ಮುಖ್ಯ. ಸೋರುವ ಮಾಳಿಗಿಯ ಪದ ಎದೆಗೆ ತಾಗಬೇಕಾದರೆ ಜಂತಿಯ ಮೇಲೆ ಮಣ್ಣು ಹೊದಿಸಿದ ಈ ಸೀಮೆಯ ಮನೆ ಕಣ್ಣ ಮುಂದೆ ಬರಬೇಕು. ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲೆ ಹತ್ತಿ ಮಣ್ಣು ಹಾಕದಿದ್ದರೆ ಜಂತಿ ಹುಳುಕು ಹಿಡಿಯುತ್ತದೆ, ಮಲಗಿದವರ ಮೇಲೆ ನೀರು ತೊಟ್ಟಿಕ್ಕುತ್ತದೆ. ಆ ಚಿತ್ರ ಸದ್ದಿನಲ್ಲಿ ಕಳೆದರೆ ಉಳಿಯುವುದು ಕುಣಿತ ಮಾತ್ರ. ದೊಡ್ಡ ಮೈದಾನದ ಕಾರ್ಯಕ್ರಮಗಳಲ್ಲಿ ಹೀಗಾಗುವುದುಂಟು, ಆದ್ದರಿಂದ ಮೊದಲು ಆಲ್ಬಮ್ ಕೇಳಿ ಎಂಬುದು ನನ್ನ ಸಲಹೆ. ಮೈಸೂರು ಕಡೆಯ ನಾಲಿಗೆಗೆ ಈ ಭಾಷೆ ದಕ್ಕೀತೇ ಎಂಬ ಅನುಮಾನ ಅಷ್ಟು ಗಟ್ಟಿಯಲ್ಲ; ‘ಮನಿ’, ‘ಮಾಳಿಗಿ’ಗಳನ್ನು ‘ಮನೆ’, ‘ಮಾಳಿಗೆ’ ಎಂದು ತಿದ್ದದೆ ಹಾಡಿದ್ದೇ ಪದಕ್ಕೆ ಕೊಟ್ಟ ಮರ್ಯಾದೆ.

ಇನ್ನು ತತ್ವಪದಕ್ಕೆ ಕುಣಿಯುವುದು ಅಪಚಾರ ಎನ್ನುವವರಿಗೆ ಶರೀಫರ ಬದುಕೇ ಉತ್ತರ ಕೊಡುತ್ತದೆ. ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿದ್ದ ಅವರು ಮೊಹರಮ್ಮಿಗೆಂದು ರಿವಾಯತ ಪದಗಳನ್ನೂ ಕಟ್ಟಿದರು. ಅಲಾವಿ ಹಬ್ಬವೆಂದೂ ಕರೆಯುವ ಆ ಮೊಹರಮ್ಮಿನಲ್ಲಿ ಹೆಜ್ಜೆಮೇಳದವರು ಅಂಥ ಪದಗಳನ್ನು ಹೆಜ್ಜೆ ಹಾಕುತ್ತಲೇ ಹಾಡುತ್ತಾರೆ. ಕಾಲು ಕುಣಿಯುವಾಗ ಅರಿವು ಓಡಿಹೋಗುತ್ತದೆ ಎಂದು ಈ ನೆಲದ ಜನ ಎಂದೂ ತಿಳಿದಿರಲಿಲ್ಲ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬರುವ ರಘು ದೀಕ್ಷಿತ್ ಈ ಲೆಕ್ಕದಲ್ಲಿ ಪರಕೀಯರಲ್ಲ.

ಕೇಳುವ ಕ್ರಮ ಹೀಗಿರಲಿ. 2008ರ ಎರಡು ಪದಗಳಿಂದ ಶುರು ಮಾಡಿ, ಅವೇ ಪದಗಳನ್ನು ಅಶ್ವತ್ಥರ ದನಿಯಲ್ಲಿ ಕೇಳಿ, ಕೊನೆಗೆ ಯಾವುದಾದರೂ ಹಳ್ಳಿಯ ಭಜನಾ ಮೇಳದ ಮುಂದೆ ಒಂದು ರಾತ್ರಿ ಕೂಡಿರಿ. ಮೂರೂ ಕಡೆ ಪಲ್ಲವಿ ಮರಳುವ ಕ್ಷಣವನ್ನೇ ಹಿಡಿಯಿರಿ. ರಾಕ್ ಹಾಡುವವರ ಮೇಲೆ ನನಗಿರುವ ನಿಜವಾದ ದೂರು ಧಾಟಿಯದಲ್ಲ, ಆಯ್ಕೆಯದು. ಎಲ್ಲರೂ ಹಾಡುವ ಹತ್ತಾರು ಪದಗಳನ್ನೇ ಅವರೂ ಹಾಡುತ್ತಾರೆ. ಹುಬ್ಬಳ್ಳಿ ಪ್ಯಾಟಿಗೆ ಹೊಸದಾಗಿ ಬಂದ ಗಿರಣಿಯನ್ನು ನೋಡಿ ಶರೀಫರು ‘ಗಿರಣಿ ವಿಸ್ತಾರ ನೋಡಮ್ಮ’ ಎಂಬ ಪದ ಕಟ್ಟಿದ್ದಾರೆ. ಯಂತ್ರವನ್ನು ಕಂಡು ಬೆರಗಾಗಿ ಅದರಲ್ಲೂ ತತ್ವ ಕಂಡ ಪದ ಅದು. ಬೇಸ್ ಗಿಟಾರ್, ಡ್ರಮ್ಸ್ ಇರುವ ತಂಡಕ್ಕೆ ಅದಕ್ಕಿಂತ ಒಪ್ಪುವ ಪದ ಇನ್ನೊಂದಿಲ್ಲ. ಗಿರಣಿಯ ಲಯವನ್ನು ಏಕತಾರಿಗಿಂತ ಚೆನ್ನಾಗಿ ಅವರೇ ನುಡಿಸಬಲ್ಲರು.