ಎರಡು ಕಣ್ಣುಗಳೂ ಒಂದು ಮುಚ್ಚಳಿಕೆಯೂ

ಶ್ರೀ ವಿ. ಶಾಂತಾರಾಮರ ‘ದೋ ಆಂಖೇ ಬಾರಹ್ ಹಾಥ್’ ಎಂಬ ಹಿಂದೀ ಚಲಚ್ಚಿತ್ರವು 1957ರಲ್ಲಿ ಹೊರಬಂದಿತು. ಅಪರಾಧಿಗಳನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶವೀಯುವ ಪರಿವೀಕ್ಷಣಾ ಶಾಸನವು ಮರುವರ್ಷ, 1958ರಲ್ಲಿ, ಅಂಗೀಕೃತವಾಯಿತು. ಒಂದು ಕಲೆ, ಇನ್ನೊಂದು ಕಾನೂನು. ಆದರೂ ಎರಡರಲ್ಲಿಯೂ ಪ್ರಶ್ನೆ ಒಂದೇ: ತಪ್ಪಿ ನಡೆದವನನ್ನು ಗೋಡೆಯ ಹೊರಗೆ ನಂಬಬಹುದೆ? ಆದುದರಿಂದ ಇವೆರಡನ್ನೂ ಜೊತೆಯಲ್ಲಿಟ್ಟು ವಿವೇಚಿಸುವುದು ಅನುಚಿತವಾಗಲಾರದು.

ಜಿ. ಡಿ. ಮಾಡಗೂಳಕರರ ಈ ಕಥೆಗೆ, ಸ್ವಾತಂತ್ರ್ಯಪೂರ್ವದಲ್ಲಿ ಔಂಧ ಸಂಸ್ಥಾನದ ಸ್ವತಂತ್ರಪುರದಲ್ಲಿ ನಡೆದ ಬಯಲು ಬಂದೀಖಾನೆಯ ಪ್ರಯೋಗವೇ ಪ್ರೇರಣೆ. ಆದಿನಾಥನೆಂಬ ಸೆರೆಮನೆಯ ಅಧಿಕಾರಿಯು ಆರು ಮಂದಿ ಕೊಲೆಗಾರರನ್ನು ತನ್ನ ಹೊಣೆಯ ಮೇಲೆ ಬಂಜರು ಭೂಮಿಗೆ ಕರೆದೊಯ್ದು ಬೇಸಾಯದಲ್ಲಿ ತೊಡಗಿಸುವನು. ಅವರನ್ನು ಹಿಡಿದು ನಿಲ್ಲಿಸುವುದು ಬೇಡಿಯಲ್ಲ, ಅವನ ಕಣ್ಣುಗಳು. ಅವನು ಮಡಿದ ಮೇಲೆಯೂ ಅವೇ. ಚಿತ್ರದ ಶಕ್ತಿ ಇಲ್ಲಿದೆ. ದೌರ್ಬಲ್ಯವೂ ಇಲ್ಲಿಯೇ ಇದೆ. ಸುಧಾರಣೆಯು ಒಬ್ಬ ಮಹಾನುಭಾವನ ದೃಷ್ಟಿಯನ್ನೇ ಅವಲಂಬಿಸಿದರೆ, ಅಂತಹವನಿಲ್ಲದ ಊರಿನ ಅಪರಾಧಿಗೆ ಗತಿಯೇನು?

ಶಾಸನವು ಈ ಕೊರತೆಯನ್ನು ನಿಯಮದಿಂದ ತುಂಬಲೆಳಸಿತು. ಮರಣದಂಡನೆಗೋ ಆಜೀವ ಕಾರಾಗೃಹವಾಸಕ್ಕೋ ಗುರಿಯಾಗುವ ಅಪರಾಧಗಳನ್ನು ಬಿಟ್ಟು ಉಳಿದವಕ್ಕೆ, ಮೂರು ವರ್ಷ ಮೀರದ ಮುಚ್ಚಳಿಕೆ ಮತ್ತು ಅಗತ್ಯ ಕಂಡಲ್ಲಿ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆ ಅದು ಕಂಡುಕೊಂಡ ಉಪಾಯ. ಒಬ್ಬನ ಮಹಿಮೆಯ ಸ್ಥಾನದಲ್ಲಿ ಎಲ್ಲರಿಗೂ ಸಲ್ಲುವ ಕಟ್ಟಳೆಯನ್ನಿಟ್ಟುದು ಶ್ಲಾಘ್ಯವೇ ಸರಿ. ಆದರೆ 4ನೆಯ ಪ್ರಕರಣದ ಒಂದು ನಿಬಂಧನೆಯನ್ನು ಗಮನಿಸಬೇಕು. ಅಪರಾಧಿಗಾಗಲಿ ಅವನ ಜಾಮೀನುದಾರನಿಗಾಗಲಿ ನ್ಯಾಯಸ್ಥಾನದ ಎಲ್ಲೆಯೊಳಗೋ ಮುಚ್ಚಳಿಕೆಯ ಅವಧಿಯಲ್ಲಿ ಅಪರಾಧಿಯು ವಾಸಿಸುವ ಸಂಭವವಿರುವ ಸ್ಥಳದಲ್ಲಿಯೋ ಸ್ಥಿರವಾದ ವಾಸಸ್ಥಾನವೋ ನಿಯತವಾದ ಉದ್ಯೋಗವೋ ಇರತಕ್ಕದ್ದು. ಮುಚ್ಚಳಿಕೆ ಬರೆದುಕೊಟ್ಟವನು ಓಡಿಹೋಗಬಾರದೆಂಬುದೇ ಇದರ ಇಂಗಿತವೆಂದು ತೋರುತ್ತದೆ. ಆ ಎಚ್ಚರಿಕೆ ನಿರಾಧಾರವೂ ಅಲ್ಲ. ಆದರೂ ಕೂಲಿಯನ್ನರಸಿ ಊರೂರು ಅಲೆಯುವ ನಿರ್ಗತಿಕನು, ಎಷ್ಟು ಸಣ್ಣ ತಪ್ಪು ಮಾಡಿದ್ದರೂ, ಈ ಹೊಸ್ತಿಲಿನಲ್ಲಿಯೇ ನಿಲ್ಲಬೇಕಾಗುವುದು. ಮನೆಯುಳ್ಳವನು ದಾಟಿ ಹೋಗುವನು. ಆಗ ಅಳೆದುದು ನಡತೆಯನ್ನಲ್ಲ, ಸ್ಥಿತಿಯನ್ನು.

ಈ ದೃಷ್ಟಿಯಿಂದ ಚಿತ್ರವನ್ನು ಮತ್ತೆ ನೋಡಿದರೆ, ಕಣ್ಣುಗಳನ್ನು ಕೊಂಡಾಡುವವರು ಮರೆಯುವ ಸಂಗತಿಯೊಂದು ಎದ್ದು ಕಾಣುವುದು. ಆದಿನಾಥನು ಆ ಆರು ಮಂದಿಯನ್ನು ‘ನಿಮಗೆ ಮನೆಯುಂಟೆ, ಕೆಲಸವುಂಟೆ?’ ಎಂದು ಪರೀಕ್ಷಿಸಿ ಆರಿಸಿದವನಲ್ಲ. ಇರಲು ನೆಲೆಯನ್ನೂ ಉಳಲು ನೆಲವನ್ನೂ ತಾನೇ ಒದಗಿಸಿ, ಆಮೇಲೆ ಅವರ ನಡತೆಯನ್ನು ನೋಡಿದನು. ಶಾಸನವು ಮುಂಚಿತವಾಗಿ ಬೇಡುವುದನ್ನು ಅವನು ಮುಂಚಿತವಾಗಿ ಕೊಟ್ಟನು. ಅವನ ಕಣ್ಣುಗಳನ್ನು ಯಾವ ಶಾಸನವೂ ಸೃಷ್ಟಿಸಲಾರದು. ಆದರೆ ನೆಲೆಯಿಲ್ಲದವನಿಗೆ ಆಶ್ರಯವನ್ನೂ ಕೆಲಸವನ್ನೂ ಗೊತ್ತುಮಾಡಿ ಬಿಡುಗಡೆ ಮಾಡತಕ್ಕದ್ದೆಂದು ಆ ನಿಬಂಧನೆಯನ್ನು ತಿದ್ದುವುದು ಸಾಧ್ಯ. ಚಿತ್ರದಿಂದ ಕಾನೂನು ಕಲಿಯಬೇಕಾದುದು ಇಷ್ಟೇ.